ಕಸಿಗೊಂದು ಬೀಳ್ಕೊಡುಗೆ

ಮಾವಿಗೆ ಕಸಿ ಕಟ್ಟಿದ ಹಾಗೆ ಹಳೆಯ ಕಂಪ್ಯೂಟರಿನ ಕೆಲಸವನ್ನು ಹೊಸದಕ್ಕೆ ಕಟ್ಟಬಹುದು ಎಂದು ನಾನು ಹೇಳಿದಾಗ ಅಂದಾನಪ್ಪಣ್ಣ ಕೇಳಿದ ಮೊದಲ ಪ್ರಶ್ನೆ, "ಸಗಣಿ ಎಷ್ಟ ಬೇಕಾಗತೈತಿ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಅವರ ಹಿತ್ತಿಲಲ್ಲಿ ಅವರೇ ಕಸಿ ಕಟ್ಟಿದ ಗಿಡಗಳಿದ್ದವು. ಕಸಿ ಅಂದರೆ ಮೆತ್ತಲು ಸಗಣಿ, ಸುತ್ತಲು ಗೋಣಿಬಟ್ಟೆ. ನಾನು ಅಂಗೈ ಅಗಲದ ಒಂದು ಗಾಜಿನ ಬಿಲ್ಲೆಯನ್ನು ತೋರಿಸಿ, "ಇದಕ್ಕ ಸಗಣಿ ಬ್ಯಾಡಣ್ಣ. ಇದು ಬೆಳಕಿನ ಮ್ಯಾಲೆ ನಡೀತೈತಿ," ಎಂದೆ.

"ಅಂದ್ರ ಮಳಿಗಾಲದಾಗ ಏನ್ ಮಾಡತೈತಿ?"

ಅಂದಾನಪ್ಪಣ್ಣ ಸೂಡಿಹಾಳ ಸಹಕಾರಿ ಬಸ್ ಸಂಘದ ಡಿಪೋದಲ್ಲಿ ಡ್ಯೂಟಿ ಗುಮಾಸ್ತರು. ಯಾವ ಬಸ್ಸಿಗೆ ಯಾವ ಡ್ರೈವರ್, ಯಾವ ಕಂಡಕ್ಟರ್, ಯಾರಿಗೆ ಬೆಳಗಿನ ಪಾಳಿ, ಯಾರಿಗೆ ಮಧ್ಯಾಹ್ನದ್ದು, ಎಲ್ಲವೂ ಅವರ ಕಿಟಕಿಯಿಂದಲೇ ಹೊರಗೆ ಬರಬೇಕು. ನಾನು ಅದೇ ಡಿಪೋದ ಕಂಪ್ಯೂಟರ್ ವಿಭಾಗ. ವಿಭಾಗದಲ್ಲಿ ಇರುವುದು ನಾನೊಬ್ಬಳೇ, ದಾಕ್ಷಾಯಣಿ. ಎಲ್ಲರಿಗೂ ದಾಕ್ಷಿ.

ಆ ಹೊತ್ತಿಗೆ ಜಗತ್ತಿನ ಕಂಪ್ಯೂಟರುಗಳೆಲ್ಲ ಬೆಳಕಿಗೆ ಬದಲಾಗಿದ್ದವು. ಕರೆಂಟಿನ ಚಿಪ್ಪು ಮಾಡುವ ಕಾರ್ಖಾನೆಗಳು ಬಾಗಿಲು ಹಾಕಿದ್ದವು. ಹೊಸ ಯಂತ್ರದೊಳಗೆ ಓಡುವುದು ಬೆಳಕು. ಯಂತ್ರ ಬಿಸಿಯಾಗುವುದಿಲ್ಲ, ಫ್ಯಾನು ಬೇಕಿಲ್ಲ, ಸದ್ದಿಲ್ಲ. ತೊಂದರೆ ಒಂದೇ, ಹಳೆಯ ಪ್ರೋಗ್ರಾಮುಗಳ ಮಾತು ಅದಕ್ಕೆ ಅರ್ಥವಾಗುವುದಿಲ್ಲ. ಪತ್ರ ಬರೆಯುವುದು, ಸಂಬಳದ ಲೆಕ್ಕ, ಟಯರು ಡೀಸೆಲ್ಲಿನ ದಾಸ್ತಾನು, ಇವಕ್ಕೆಲ್ಲ ಪುಕ್ಕಟೆ ಪ್ರೋಗ್ರಾಮುಗಳು ಸಿಕ್ಕವು. ಯಾವುದೋ ದೇಶದ ಯಾರೋ ಪುಣ್ಯಾತ್ಮರು ತಮ್ಮ ಖುಷಿಗೆ ಮಾಡಿ, ಎಲ್ಲರೂ ತಗೊಳ್ಳಿ ಎಂದು ಇಟ್ಟಿದ್ದರು. ನಾನು ಒಂದೊಂದನ್ನೂ ಇಳಿಸಿಕೊಂಡು, ಕನ್ನಡ ಕಲಿಸಿ, ಡಿಪೋಕ್ಕೆ ಹೊಂದಿಸುವಾಗ ಹಬ್ಬದ ಮನೆಯಲ್ಲಿ ಓಡಾಡಿದ ಹಾಗೆ ಓಡಾಡಿದೆ.

ಉಳಿದದ್ದು 'ಪಾಳಿ' ಒಂದೇ. ಅದು ಡ್ಯೂಟಿ ಹಂಚುವ ಪ್ರೋಗ್ರಾಮು. ಬಹಳ ಹಿಂದೆ ಯಾರೋ ಒಬ್ಬರು ಈ ಡಿಪೋಕ್ಕೆಂದೇ ಬರೆದು ಕೊಟ್ಟು ಹೋಗಿದ್ದರು. ಒಳಗೆ ಏನಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದು ಓಡುತ್ತಿದ್ದ ಡಬ್ಬಕ್ಕೆ ಅಂದಾನಪ್ಪಣ್ಣ ಇಟ್ಟ ಹೆಸರು ಮುದುಕಿ. ಪರದೆಯ ಮೇಲೆ ಹಸಿರು ಅಕ್ಷರ, ಒಳಗೆ ಗೊರಗೊರ ಫ್ಯಾನು. ನಿಂತುಹೋದರೆ ಪಕ್ಕೆಗೆ ಒಂದು ಏಟು ಕೊಟ್ಟರೆ ಏಳುತ್ತಿತ್ತು. ಅದರ ಬಿಡಿಭಾಗಗಳು ಈಗ ವಸ್ತುಸಂಗ್ರಹಾಲಯದಲ್ಲಿ ಮಾತ್ರ ಇದ್ದವು.

ಡಿಪೋ ಮ್ಯಾನೇಜರ್ ರುಕ್ಸಾನಾ ಮುಲ್ಲಾ ಮೇಡಂ ನನ್ನನ್ನು ಕರೆದು ನೇರವಾಗಿ ಹೇಳಿದರು: "ದೀಪಾವಳಿಗೆ ಮುಂಚೆ ಪಾಳಿ ಹೊಸಾದಕ್ಕ ಹೋದ್ರ ಹೋತು. ಇಲ್ಲಾಂದ್ರ ಜಿಲ್ಲಾ ಒಕ್ಕೂಟದವ್ರ 'ಸುಗಮ' ಪ್ರೋಗ್ರಾಮ ಬಾಡಿಗಿಗೆ ತಗೋತೀವಿ. ಅವ್ರು ಹೂಂ ಅನ್ನಾಕ ತಯಾರ ನಿಂತಾರ."

'ಸುಗಮ'ದ ನಿಯಮಗಳನ್ನು ನಾನು ಓದಿದ್ದೆ. ಅವು ಜಿಲ್ಲೆಯ ಎಲ್ಲ ಡಿಪೋಗಳಿಗೆ ಒಂದೇ ಥರ. ಕಿಟಕಿಯಲ್ಲಿ ನಿಂತು ಕೇಳಿದರೆ ಬದಲಾವಣೆ ಇಲ್ಲ. ಮತ್ತು ಗಂಡ ಹೆಂಡತಿಗೆ ಒಂದೇ ಬಸ್ಸು ಇಲ್ಲವೇ ಇಲ್ಲ.

ಕೊನೆಯ ನಿಯಮ ನನ್ನ ಎದೆಗೆ ತಾಗಿತು. ಏಕೆಂದರೆ ನಾನು ಬಾಡಿಗೆಗೆ ಇದ್ದದ್ದು ಡ್ರೈವರ್ ಯಮನೂರಪ್ಪ ಮತ್ತು ಕಂಡಕ್ಟರ್ ಕಮಲಾಕ್ಷಿಯವರ ಮಾಳಿಗೆಯಲ್ಲಿ. ಇಡೀ ಡಿಪೋದಲ್ಲಿ ಗಂಡ ಹೆಂಡತಿ ಎಂದರೆ ಅವರಿಬ್ಬರೇ.

ಆ ಸಂಜೆ ಅಡುಗೆಮನೆಯಲ್ಲಿ ಕೂತು ವಿಷಯ ಹೇಳಿದೆ. ಕಮಲಕ್ಕ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ, ಆದರೆ ಬಡಿತ ಜೋರಾಯಿತು.

"ನಮ್ಮ ಮದವಿ ಮಾಡಿಸಿದ್ದ ಆ ಮುದುಕಿ," ಎಂದಳು. "ಕಳಸಾಪುರದ ಬಸ್ಸಿಗೆ ಇವ್ರನ್ನೂ ನನ್ನೂ ಒಂದ ಮಳಿಗಾಲ ಪೂರ್ತಿ ಹಾಕಿತ್ತು. ನಾ ಟಿಕೆಟ್ ಕೊಡೂದು, ಇವ್ರು ಕನ್ನಡಿಯಾಗ ನೋಡೂದು. ಕಡೀಕ ಬಸ್ ಒಂದ ಸಲ ಹೊಲದಾಗ ಹೊಕ್ಕ ಮ್ಯಾಲೆ ಊರ ಮಂದಿನ ಹೇಳಿದ್ರು, ಇವ್ರಿಗೆ ಲಗ್ನ ಮಾಡ್ರಿ, ಇಲ್ಲಾಂದ್ರ ನಮ್ಮ ಜೀವ ಉಳಿಯೂದಿಲ್ಲ ಅಂತ."

"ಹೊಲ ಅಲ್ಲ ಅದು, ಬದು," ಎಂದ ಯಮನೂರಪ್ಪಣ್ಣ ಬಾಗಿಲಿಂದ.

"ಬದುವಿನ ಮ್ಯಾಲೆ ಶೇಂಗಾ ಬಿತ್ತಿದ್ರೇನು?"

ಆಮೇಲೆ ಅವಳು ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ, ನನ್ನ ಕಡೆ ತಿರುಗದೆಯೇ ಹೇಳಿದಳು. "ದಾಕ್ಷಿ, ಈ ಮನೀಗೆ ನಾವು ಬರೂದು ಮಲಗಾಕ. ಸಂಸಾರ ಮಾಡೂದು ಬಸ್ನ್ಯಾಗ. ಬಸ್ ಬ್ಯಾರೆ ಬ್ಯಾರೆ ಆತಂದ್ರ ನಮಗ ಉಳಿಯೂದೇನು?"

ಸರಿ, ಇನ್ನು ಕಸಿಯ ಬಗ್ಗೆ ಹೇಳಬೇಕು, ಏಕೆಂದರೆ ಇದನ್ನು ಹೇಳುವುದೇ ನನಗೆ ಪರಮ ಸಂತೋಷದ ಕೆಲಸ.

'ಕಸಿ' ಎಂಬುದು ಹವ್ಯಾಸಿಗಳ ಗುಂಪೊಂದು ಮಾಡಿದ ಪುಕ್ಕಟೆ ಪ್ರೋಗ್ರಾಮು. ನಾವು ಕನ್ನಡದವರು ಇಟ್ಟುಕೊಂಡ ಹೆಸರು ಅದು. ಹಳೆಯ ಪ್ರೋಗ್ರಾಮಿನ ಹೊಟ್ಟೆ ಸೀಳಿ ನೋಡುವ ಗೋಜಿಗೆ ಅದು ಹೋಗುವುದಿಲ್ಲ. ಮಾವಿನ ಎಳೆ ಸಸಿಯನ್ನು ತಾಯಿಮರದ ಪಕ್ಕ ತಂದು, ಕೊಂಬೆಗೆ ಕೊಂಬೆ ಒತ್ತಿ ಕಟ್ಟಿ, ಎರಡೂ ಒಂದಾಗುವ ತನಕ ಬಿಡುತ್ತಾರಲ್ಲ, ಹಾಗೆಯೇ ಇದು. ಗಾಜಿನ ಬಿಲ್ಲೆಯನ್ನು, ಅಂದರೆ ಹೊಸ ಕಂಪ್ಯೂಟರನ್ನು, ಹಳೆಯದರ ಪಕ್ಕ ನೇತುಹಾಕಿದರೆ ಅದರ ಕಣ್ಣು ಸುಮ್ಮನೆ ನೋಡುತ್ತ ಇರುತ್ತದೆ. ಯಾವ ಕೀಲಿ ಒತ್ತಿದರೆ ಪರದೆಯ ಮೇಲೆ ಏನು ಬರಬಹುದು ಎಂದು ಪ್ರತಿ ಸಲವೂ ಮೊದಲೇ ಊಹೆ ಮಾಡುತ್ತದೆ. ತಪ್ಪಿದರೆ ತಿದ್ದಿಕೊಳ್ಳುತ್ತದೆ. ಬಿಲ್ಲೆಯ ಮೂಲೆಯಲ್ಲಿ ಒಂದು ಪುಟ್ಟ ಎಲೆಯ ಚಿತ್ರ ಇರುತ್ತದೆ. ಊಹೆ ತಪ್ಪುತ್ತಿರುವಾಗ ಹಳದಿ, ಸರಿಯಾಗುತ್ತ ಬಂದಂತೆ ಹಸಿರು. ಪೂರ್ತಿ ಹಸಿರಾದರೆ ಕಸಿ ಹತ್ತಿತು ಎಂದರ್ಥ. ಆಮೇಲೆ ತಾಯಿಮರದಿಂದ ಕತ್ತರಿಸಬಹುದು.

ಶುರುವಿನಲ್ಲಿ ಅದು ಒಂದೇ ಪ್ರಶ್ನೆ ಕೇಳುತ್ತದೆ. ನೋಡಬೇಕಾದ್ದು ಪರದೆಯನ್ನಷ್ಟೇ, ಅಥವಾ ಇಡೀ ಕೋಣೆಯನ್ನು? ನಾನು ಕೋಣೆ ಎಂದೆ. ಅಂದಾನಪ್ಪಣ್ಣ 'ಪಾಳಿ' ಕೊಟ್ಟ ಪಟ್ಟಿಯನ್ನು ಹಾಗೆಯೇ ಎಂದೂ ಇಟ್ಟುಕೊಂಡವರಲ್ಲ. ಕಿಟಕಿಗೆ ಬಂದವರ ಮುಖ ನೋಡಿ, ಮಾತು ಕೇಳಿ, ಅಲ್ಲಿ ಇಲ್ಲಿ ಬದಲಿಸುತ್ತಿದ್ದರು. ಆ ಮುಖಗಳನ್ನು ಬಿಟ್ಟರೆ ಬದಲಾವಣೆಗೆ ತಲೆಬುಡ ಇರುವುದಿಲ್ಲ.

"ಇನ್ನ ಮ್ಯಾಲೆ ಇದು ನಿಮ್ಮನ್ನೆಲ್ಲ ನೋಡತೈತಿ. ನೋಡಿ ಕಲೀತೈತಿ," ಎಂದು ಎಲ್ಲರಿಗೂ ಹೇಳಿ ಬಿಲ್ಲೆಯನ್ನು ಮೊಳೆಗೆ ತಗುಲಿಸಿದೆ.

ಅಲ್ಲೇ ಕೆಟ್ಟಿತು.

ಮರುದಿನ ಡಿಪೋಕ್ಕೆ ಹೋದರೆ ಅಂದಾನಪ್ಪಣ್ಣ ಕೋಟು ಹಾಕಿಕೊಂಡು ಕೂತಿದ್ದರು. ಮೇಜಿನ ಮೇಲೆ ಬಟ್ಟೆ ಹಾಸಿತ್ತು, ಹೂದಾನಿ ಬಂದಿತ್ತು. ಕಿಟಕಿಯ ಮುಂದೆ ಡ್ರೈವರು ಕಂಡಕ್ಟರುಗಳು ಇಸ್ತ್ರಿ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು. ನಮ್ಮ ಡಿಪೋದಲ್ಲಿ ಸಾಲು ಎಂಬುದನ್ನು ನಾನು ನೋಡಿದ್ದು ಅದೇ ಮೊದಲು. ಒಬ್ಬೊಬ್ಬರೇ ಬಂದು, "ನಮಸ್ಕಾರ ಸರ್, ಇಂದಿನ ಕರ್ತವ್ಯ ತಿಳಿಸಬೇಕಾಗಿ ವಿನಂತಿ," ಎನ್ನುತ್ತಿದ್ದರು. ಅಂದಾನಪ್ಪಣ್ಣ, "ಅರ್ಜಿ ಕೊಟ್ಟೀರೇನು?" ಎಂದು ಕೇಳಿ, ಪಾಳಿ ಏನು ಹೇಳಿತೋ ಅದನ್ನೇ ಚಾಚೂ ತಪ್ಪದೆ ಕೊಡುತ್ತಿದ್ದರು. ಚಹಾ ಕೂಡ ಕುಡಿಯಲಿಲ್ಲ.

ನನಗೆ ಏನೂ ಹೊಳೆಯಲಿಲ್ಲ. ಶಿಸ್ತು ಬಂತಲ್ಲ ಎಂದು ಖುಷಿಪಟ್ಟೆ. ಎಲೆಯಂತೂ ನೋಡನೋಡುತ್ತಲೇ ಹಸಿರಾಯಿತು. ನಾನು ಕುಣಿದಾಡಿ, ಮುದುಕಿಯ ಸ್ವಿಚ್ಚು ಆರಿಸಿ, ಕಸಿಯನ್ನು ಕೆಲಸಕ್ಕೆ ಹಚ್ಚಿದೆ.

ಹಚ್ಚಿದ ದಿನವೇ ಅದರ ಗುಣ ತಿಳಿಯಿತು. ಕಸಿ ಎಲ್ಲರಿಗೂ ನಮಸ್ಕಾರ ಹೇಳಿತು. ಎಲ್ಲರಿಂದಲೂ ಅರ್ಜಿ ಕೇಳಿತು. ಬೆನ್ನು ನೋವು ಎಂದವರಿಗೆ ಅರ್ಜಿ, ಮಗಳ ನಿಶ್ಚಿತಾರ್ಥ ಎಂದವರಿಗೆ ಅರ್ಜಿ. ಮುಲ್ಲಾ ಮೇಡಂ ತಮ್ಮ ಕೋಣೆಯಿಂದ ಬಂದು ಇಣುಕಿದರೆ ಅವರಿಗೂ ಅರ್ಜಿ. ಯಮನೂರಪ್ಪಣ್ಣನಿಗೆ ಬೆಳಗಿನ ಪಾಳಿ, ಕಮಲಕ್ಕನಿಗೆ ಮಧ್ಯಾಹ್ನದ ಪಾಳಿ ಕೊಟ್ಟು, ವಾರಪೂರ್ತಿ ಹಾಗೆಯೇ ಇಟ್ಟಿತು.

ಅವರ ಮನೆಯ ಗೇಟು ನನ್ನ ಮಾಳಿಗೆಯಿಂದ ಕಾಣುತ್ತದೆ. ಅವನು ಬರುವ ಹೊತ್ತಿಗೆ ಅವಳು ಹೊರಟಿರುತ್ತಿದ್ದಳು. ರಾತ್ರಿ ಅವಳು ಬರುವಾಗ ಅವನಿಗೆ ನಿದ್ದೆ, ನಸುಕಿನಲ್ಲಿ ಅವನು ಏಳುವಾಗ ಅವಳಿಗೆ ನಿದ್ದೆ. ಗೇಟಿನಲ್ಲಿ ಅವಳ ಕೈಯಿಂದ ಅವನ ಕೈಗೆ ಬೀಗದ ಕೈ ಹೋಗುವಷ್ಟು ಹೊತ್ತು ಮಾತ್ರ ಅವರಿಗೆ ಸಿಗುತ್ತಿತ್ತು. ಮೊದಮೊದಲು ಇಬ್ಬರೂ ಅಷ್ಟರಲ್ಲೇ ಎಲ್ಲ ಹೇಳಿಬಿಡಲು ನೋಡುತ್ತಿದ್ದರು.

"ಹಾಲು ಕಾಸೀನಿ ಬೆಕ್ಕು ಬಂದಿತ್ತು ನಿಮ್ಮಕ್ಕ ಫೋನ್ ಮಾಡಿದ್ಲು."

"ಏನಂದ್ಲು?"

"ನಾಳಿ ಹೇಳ್ತೀನಿ."

ಆಮೇಲೆ ಬೀಗದ ಕೈ ಬಿಡದೆ ಹಿಡಿದುಕೊಳ್ಳುವುದನ್ನು ಕಲಿತರು. ಒಂದು ತುದಿ ಅವಳು, ಒಂದು ತುದಿ ಅವನು. ಕಮಲಕ್ಕ ಒಂದು ದಿನ ನನ್ನನ್ನು ಮೇಲೆ ಕಂಡು ಕೂಗಿ ಹೇಳಿದಳು: "ಜಗಳ ಮಾಡಾಕೂ ಹೊತ್ತು ಸಿಗವಲ್ದು ದಾಕ್ಷಿ. ಎಲ್ಲಾ ಬಾಕಿ ಉಳಿದಾವ." ನಕ್ಕಳು. ಆದರೆ ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗ ಅವಳು ತಿರುಗಿ ತಿರುಗಿ ನೋಡುತ್ತಿದ್ದಳು.

ನಾನು ಅಂದಾನಪ್ಪಣ್ಣನ ಮುಂದೆ ಹೋಗಿ ಕೂತೆ. "ಅಣ್ಣ, ನೀವು ಮೊದಲ ಅವ್ರಿಬ್ಬರನ್ನ ಒಂದ ಬಸ್ಸಿಗೆ ಹೆಂಗ ಹಾಕ್ತಿದ್ರಿ?"

"ಡಬ್ಬಿ ನೋಡಿ."

"ಯಾವ ಡಬ್ಬಿ?"

"ಊಟದ ಡಬ್ಬಿ. ಕಮಲಾಕ್ಷಿ ಕಿಟಕಿ ಕಟ್ಟಿ ಮ್ಯಾಲೆ ಡಬ್ಬಿ ಇಡ್ತಾಳ. ಇಬ್ಬರದೂ ಸೇರಿ ಒಂದ ದೊಡ್ಡ ಡಬ್ಬಿ ಇತ್ತಂದ್ರ ಎಲ್ಲಾ ಬರೋಬರಿ ಐತಿ, ಒಂದ ಬಸ್ಸು. ಎರಡ ಸಣ್ಣ ಡಬ್ಬಿ ಇದ್ವಂದ್ರ ಮನ್ಯಾಗ ಜಗಳ ಆಗೇತಿ, ಬ್ಯಾರೆ ಬ್ಯಾರೆ ಬಸ್ಸು. ಜಗಳ ಆದ ಗಂಡ ಹೆಂಡ್ತೀನ ಒಂದ ಬಸ್ಸಿಗೆ ಹಾಕಿದ್ರ ಪ್ಯಾಸೆಂಜರ್ ಗತಿ ಏನು? ಇವ ಬ್ರೇಕ್ ಹಾಕೂದ್ರಾಗ ಸಿಟ್ಟು ತೀರಸ್ತಾನ."

"ಮತ್ತ ಕಸಿ ನೋಡೋ ಮುಂದ ಡಬ್ಬಿ ಯಾಕ ನೋಡಲಿಲ್ಲ?"

ಅಂದಾನಪ್ಪಣ್ಣ ನನ್ನನ್ನು ವಿಚಿತ್ರವಾಗಿ ನೋಡಿದರು. "ಸಾಹೇಬ್ರ ಮುಂದ ಡಬ್ಬಿ ನೋಡಿ ಡ್ಯೂಟಿ ಕೊಡ್ತಾರೇನವಾ? ಇನ್ಸ್‌ಪೆಕ್ಷನ್ ಅಂದ್ರ ಇನ್ಸ್‌ಪೆಕ್ಷನ್."

ಆಗ ನನಗೆ ಎಲ್ಲ ಅರ್ಥವಾಯಿತು. ಕಸಿ ತಪ್ಪು ಕಲಿತಿರಲಿಲ್ಲ. ತೋರಿಸಿದ್ದನ್ನು ಅಚ್ಚುಕಟ್ಟಾಗಿ ಕಲಿತಿತ್ತು. ಅದು ಕಲಿತದ್ದು ಸಾಹೇಬರು ಬಂದ ದಿನದ ಡಿಪೋವನ್ನು. ಅಂಥ ಡಿಪೋ ಸಾಹೇಬರು ಹೋದ ಮರುಕ್ಷಣ ಇರುವುದೇ ಇಲ್ಲ.

ಮುದುಕಿಯನ್ನು ಮತ್ತೆ ಎಬ್ಬಿಸಬೇಕಾಯಿತು. ಸ್ವಿಚ್ಚು ಹಾಕಿದರೆ ಏಳಲಿಲ್ಲ. ಅಂದಾನಪ್ಪಣ್ಣ ಪಕ್ಕೆಗೆ ಏಟು ಕೊಟ್ಟರು, ಆಮೇಲೆ ಬೇಡಿಕೊಂಡರು, ಕೊನೆಗೆ ಇನ್ನೊಂದು ಏಟು ಕೊಟ್ಟರು. ಗೊರಗೊರ ಎಂದು ಎದ್ದಿತು. ಆದರೆ ಪರದೆಯ ಅರ್ಧ ಭಾಗದಲ್ಲಿ ಅಕ್ಷರಗಳು ಮಾಸಿಹೋಗಿದ್ದವು. ಇನ್ನು ಬಹಳ ದಿನ ಇಲ್ಲ ಎಂದು ನನಗೂ ತಿಳಿಯಿತು, ಅವರಿಗೂ ತಿಳಿಯಿತು.

ಮುಲ್ಲಾ ಮೇಡಂ ಬಂದು ನೋಡಿ, "ಇನ್ನೊಂದ ಸಲ ಕಟ್ಟು. ಇದೂ ಹತ್ತಲಿಲ್ಲಂದ್ರ ನಾ ಒಕ್ಕೂಟದವ್ರಿಗೆ ಹೇಳೂದ," ಎಂದರು.

ಕಸಿ ಕಲಿತದ್ದನ್ನೆಲ್ಲ ಅಳಿಸಿ ಮತ್ತೆ ಮೊಳೆಗೆ ತಗುಲಿಸಿದೆ. "ದಯಮಾಡಿ ಎಲ್ಲಾರೂ ಇದ್ದಂಗ ಇರ್ರಿ," ಎಂದು ಕೈ ಮುಗಿದೆ. ಇದ್ದಂಗ ಇರಿ ಎಂದಮೇಲೆ ಯಾರಿಗೆ ಇದ್ದಂಗ ಇರಲು ಬರುತ್ತದೆ? ಅಂದಾನಪ್ಪಣ್ಣ ಕೋಟಿನ ಒಂದು ಗುಂಡಿ ಬಿಚ್ಚಿ, ಮತ್ತೆ ಹಾಕಿಕೊಂಡರು. ಬಿಲ್ಲೆಯ ಮೇಲೆ ಕರವಸ್ತ್ರ ತೆಳುವಾಗಿ ಹೊದಿಸಿ ನೋಡಿದೆ. ಮುಸುಕಿನೊಳಗಿಂದ ನೋಡುವ ಸಾಹೇಬರಿಗೆ ಎಲ್ಲರೂ ಇನ್ನೂ ಹೆಚ್ಚು ಹೆದರಿದರು.

ಅಂದು ಮುದುಕಿ ಎದ್ದಿದ್ದರಿಂದ ಕಮಲಕ್ಕನಿಗೆ ಬೆಳಗಿನ ಪಾಳಿ ಸಿಕ್ಕಿ, ಗಂಡ ಹೆಂಡತಿ ಇಬ್ಬರೂ ಸಂಜೆ ಮನೆಯಲ್ಲಿದ್ದರು. ನಾನು ತಲೆ ಮೇಲೆ ಕೈ ಹೊತ್ತು ಕೂತದ್ದನ್ನು ನೋಡಿ ಕಮಲಕ್ಕ ಕೇಳಿದಳು: "ಖರೇ ಇನ್ಸ್‌ಪೆಕ್ಷನ್ ಬಂದಾಗ ನಾವು ಯಾವಾಗ ಸಡಲ ಆಗ್ತೀವಿ?"

"ಅವ್ರು ಹೋದ ಮ್ಯಾಲೆ."

"ಸುಮ್ಮನ ಹೋಗ್ತಾರೇನು?"

"ಇಲ್ಲ. ಹಾರ ಹಾಕಿ, ಶಾಲು ಹೊದಿಸಿ, ಮಿರ್ಚಿ ತಿನಿಸಿ ಕಳಸ್ತೀವಿ."

"ಮತ್ತ ಅದನ್ನ ಮಾಡು."

"ಅಕ್ಕಾ, ಅದು ಎಲ್ಲೂ ಹೋಗೂದಿಲ್ಲಲ್ಲ. ಎಲ್ಲಾರಿಗೂ ಗೊತ್ತೈತಿ ಅದು ಅಲ್ಲೇ ಇರತೈತಿ ಅಂತ."

ಯಮನೂರಪ್ಪಣ್ಣ ನಕ್ಕ. "ಗೊತ್ತಿದ್ರ ಏನಾತು? ಬೀಳ್ಕೊಟ್ಟ ಸಾಹೇಬ್ರಿಗೆ ಮತ್ತ ಯಾರರ ಎದ್ದ ನಿಲ್ತಾರೇನು?"

ಹೀಗೆ ಜಗತ್ತಿನಲ್ಲಿ ಮೊದಲ ಬಾರಿಗೆ ಒಂದು ಗಾಜಿನ ಬಿಲ್ಲೆಗೆ ಬೀಳ್ಕೊಡುಗೆ ಸಮಾರಂಭ ನಡೆಯಿತು.

ಡಿಪೋದ ಅಂಗಳದಲ್ಲಿ ಶಾಮಿಯಾನ ಹಾಕಿದರು. ಕುರ್ಚಿಯ ಮೇಲೆ ದಿಂಬು, ದಿಂಬಿನ ಮೇಲೆ ಕಸಿ. ಮುಲ್ಲಾ ಮೇಡಂ ಶಾಲು ಹೊದಿಸಿದರು, ನಾನು ಬಿಲ್ಲೆಯ ಕಣ್ಣು ಮುಚ್ಚದಂತೆ ಅದನ್ನು ಸ್ವಲ್ಪ ಸರಿಸಿದೆ. ಚೆಂಡುಹೂವಿನ ಹಾರದಲ್ಲಿ ಬಿಲ್ಲೆ ಮುಳುಗಿಯೇ ಹೋಯಿತು. ಮೆಕ್ಯಾನಿಕ್ಕುಗಳು ದೊಡ್ಡ ಬಾಣಲೆಯಲ್ಲಿ ಮಿರ್ಚಿ ಕರಿಯುತ್ತಿದ್ದರು, ಒಗ್ಗರಣೆ ಚುರುಮುರಿಯ ವಾಸನೆ ರಸ್ತೆಯ ತನಕ ಹೋಗಿ ಸಂಬಂಧವಿಲ್ಲದ ಜನರೂ ಬಂದು ಕೂತರು. ಮುಲ್ಲಾ ಮೇಡಂ ಎರಡು ಮಾತು ಆಡಿದರು. "ಮಾನ್ಯ ಕಸಿಯವರು ನಮ್ಮ ಡಿಪೋದ ಶಿಸ್ತು ಕಂಡು ಮೆಚ್ಚಿದ್ದಾರೆ ಅಂತ ಭಾವಿಸುತ್ತೇವೆ. ಅವರ ಮುಂದಿನ ಪ್ರಯಾಣ ಸುಖಕರವಾಗಲಿ." ಮೇಡಂ ಮುಖದಲ್ಲಿ ಒಂದು ಗೆರೆ ಕೂಡ ಅಲುಗಲಿಲ್ಲ.

ಅಂದಾನಪ್ಪಣ್ಣ ಮೈಕು ಹಿಡಿದವರು ಬಿಡಲಿಲ್ಲ. ಕಸಿಯವರ ಸರಳತೆ, ಕಸಿಯವರ ಮಿತಭಾಷೆ, ಊಟ ತಿಂಡಿಗೆ ಎಂದೂ ತೊಂದರೆ ಕೊಡದ ದೊಡ್ಡ ಗುಣ, ಎಲ್ಲ ಹೊಗಳಿದರು. ಯಮನೂರಪ್ಪಣ್ಣನನ್ನೂ ವೇದಿಕೆಗೆ ನೂಕಿದರು. ಅವನಿಗೆ ಮಾತು ತೋಚದೆ, "ಮಿರ್ಚಿ ಚಲೋ ಆಗ್ಯಾವ. ಇದರ ಸಂಗಾಟ ಕಳಸಾಪುರ ಖಾನಾವಳಿ ಬದನಿಕಾಯಿ ಪಲ್ಯ ಇದ್ದಿದ್ರ... ಅಂಥಾ ಪಲ್ಯ ನಾ ಎಲ್ಲೂ ತಿಂದಿಲ್ಲ," ಎಂದು ಹೇಳಿ ಇಳಿದ. ಹೆಂಗಸರ ಸಾಲಿನಲ್ಲಿ ಕಮಲಕ್ಕ ಮಿರ್ಚಿ ಕಚ್ಚುವುದನ್ನು ನಿಲ್ಲಿಸಿದ್ದನ್ನು ನಾನು ನೋಡಿದೆ.

ಕೊನೆಗೆ ಕಸಿಯನ್ನು ಬಸ್ಸಿನಲ್ಲಿ ಕೂರಿಸಿ, ಕಿಟಕಿಯ ಹೊರಗಿನಿಂದ ಎಲ್ಲರೂ ಕೈ ಬೀಸಿದರು. ಬಸ್ಸು ಡಿಪೋದ ಸುತ್ತ ಒಂದು ಸುತ್ತು ಹಾಕಿ ಬಂದು ನಿಂತಿತು. ನಾನು ಬಿಲ್ಲೆಯನ್ನು ಇಳಿಸಿ, ಒಳಗೆ ತಂದು, ಅದೇ ಮೊಳೆಗೆ ತಗುಲಿಸಿದೆ.

"ಸಾಹೇಬ್ರು ಹೋದ್ರು," ಎಂದರು ಅಂದಾನಪ್ಪಣ್ಣ. ಕೋಟು ಬಿಚ್ಚಿ ಎಲ್ಲಿ ಹಾಕಲಿ ಎಂದು ನೋಡಿ, ಕಸಿಯ ಮೊಳೆಯ ಪಕ್ಕದಲ್ಲೇ ತೂಗುಹಾಕಿದರು.

ಆ ಪಲ್ಯದ ಮಾತು ಕಮಲಕ್ಕ ಮರೆಯಲಿಲ್ಲ. ಜೊತೆಗೆ ಗೇಟಿನಲ್ಲಿ ಮಾಡಲಾಗದೆ ಬಾಕಿ ಉಳಿದ ಜಗಳಗಳೂ ಇದ್ದವು. ಮರುದಿನದಿಂದ ಕಿಟಕಿಯ ಕಟ್ಟೆಯ ಮೇಲೆ ಒಂದು ದಿನ ಎರಡು ಡಬ್ಬಿ, ಒಂದು ದಿನ ಒಂದು, ಮತ್ತೆ ಎರಡು. ಸಾಲು ಮಾಯವಾಗಿತ್ತು. ಎಲ್ಲರೂ ಒಟ್ಟಿಗೆ ಕಿಟಕಿಗೆ ಕೈ ತೂರುತ್ತಿದ್ದರು.

"ಅಂದಾನಪ್ಪಣ್ಣ, ನಾಗರಾಳ ಬ್ಯಾಡ, ಅಲ್ಲಿ ನಮ್ಮ ಬೀಗರು ಹತ್ತಾರ."

"ಹತ್ತಿದ್ರ ಟಿಕೆಟ್ ಕೊಡು."

"ಅವ್ರು ಟಿಕೆಟ್ ತಗೊಳ್ಳಂಗಿಲ್ಲ, ನನಗ ಕೇಳಾಕ ಬರಂಗಿಲ್ಲ. ಅದಕ್ಕ ಬ್ಯಾಡ ಅಂದೆ."

ಚಹಾ ಬಂದರೆ ಜಗತ್ತೇ ನಿಲ್ಲುತ್ತಿತ್ತು. ಅಂದಾನಪ್ಪಣ್ಣ ಕಪ್ಪಿನಿಂದ ಬಸಿಗೆ ಸುರುವಿ, ಊದಿ, ಕುಡಿದು ಮುಗಿಸುವ ತನಕ ಯಾರಿಗೂ ಡ್ಯೂಟಿ ಇಲ್ಲ. ಎಲೆ ಮೊದಲು ಕೆಟ್ಟ ಹಳದಿಯಾಗಿತ್ತು. ಕಸಿಯ ಊಹೆಗಳೆಲ್ಲ ತಲೆಕೆಳಗಾಗುತ್ತಿದ್ದವು. ನಾನು ಉಗುರು ಕಚ್ಚುತ್ತ ನೋಡುತ್ತಿದ್ದೆ. ಆಮೇಲೆ ಅಂಚಿನಲ್ಲಿ ಒಂದು ಹಸಿರು ಗೆರೆ ಮೂಡಿತು. ಆ ಗೆರೆ ದಿನದಿನಕ್ಕೆ ಅಗಲವಾಯಿತು. ಎಲೆ ಪೂರ್ತಿ ಹಸಿರಾದ ದಿನ ನಾನು ಯಾರಿಗೂ ಹೇಳಲಿಲ್ಲ. ಕುಣಿಯಲೂ ಇಲ್ಲ. ಹಿಂದಿನ ಸಲ ಕುಣಿದದ್ದು ನೆನಪಿತ್ತು.

ಅದೇ ವಾರ ಚಹಾದ ಹೊತ್ತಿನಲ್ಲಿ ಮುದುಕಿಯ ಫ್ಯಾನು ತಾನಾಗಿ ನಿಂತಿತು. ಅಂದಾನಪ್ಪಣ್ಣ ಏಟು ಕೊಡಲು ಎತ್ತಿದ ಕೈಯನ್ನು ಹಾಗೆಯೇ ಅದರ ಬೆನ್ನ ಮೇಲೆ ಇಟ್ಟು, "ಇರಲಿ ಬಿಡು. ಬಾಳ ದುಡಿದ್ಲು," ಎಂದರು. ಇನ್ನು ಕಸಿ ಒಂದೇ ಗತಿ. ಮುಲ್ಲಾ ಮೇಡಂ, "ನಾಳಿ ನಾನೂ ಕಿಟಕಿ ಹಂತೇಕ ನಿಲ್ತೀನಿ. ನೋಡೇ ಬಿಡೂಣು," ಎಂದರು.

ಮರುದಿನ ಬೆಳಿಗ್ಗೆ ನಾನು ಕೆಳಗಿಳಿದು ಬಂದರೆ ಕಮಲಕ್ಕನ ಅಡುಗೆಮನೆಯಲ್ಲಿ ಎರಡು ಸಣ್ಣ ಡಬ್ಬಿಗಳು ಬಾಯಿ ತೆರೆದು ಕೂತಿದ್ದವು. ಹಿಂದಿನ ಸಂಜೆ ಯಮನೂರಪ್ಪಣ್ಣ ಖಾನಾವಳಿ ಪಲ್ಯದ ಮಾತನ್ನು ಮತ್ತೊಮ್ಮೆ ತೆಗೆದಿದ್ದನಂತೆ. ಅವಳು ರೊಟ್ಟಿಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿ ಮುಚ್ಚಿದಳು. ಬದನೆಕಾಯಿ ಪಲ್ಯವನ್ನೆಲ್ಲ ಇನ್ನೊಂದಕ್ಕೆ ಸುರುವಿ ಮುಚ್ಚಿದಳು.

"ಅಕ್ಕಾ, ಅದರಾಗ ಬರೇ ರೊಟ್ಟಿ ಹಾಕಿದಿ."

"ಗೊತ್ತೈತಿ. ನೀ ನಿನ್ನ ಕಸಿ ನೋಡಕೋ."

"ಅಕ್ಕಾ, ಇವತ್ತೊಂದ ದಿವಸ ದೊಡ್ಡ ಡಬ್ಬಿ ತಗೊಂಬಾ. ಮೇಡಂ ನಿಂತ ನೋಡ್ತಾರ. ನಿಮ್ಮನ್ನ ಬ್ಯಾರೆ ಬ್ಯಾರೆ ಹಾಕಿದ್ರ, ಸುಗಮಕ್ಕೂ ಇದಕ್ಕೂ ಏನ್ ಫರಕು ಅಂತಾರ. ಅಲ್ಲೀಗೆ ನಿಮ್ಮ ಬಸ್ ಹೋತು."

ಅವಳು ದೊಡ್ಡ ಡಬ್ಬಿಯ ಕಡೆ ಒಮ್ಮೆ ನೋಡಿದಳು. ಅವಳಿಗೂ ಭಯವಿತ್ತು. ಆಮೇಲೆ ಎರಡೂ ಡಬ್ಬಿ ಎತ್ತಿಕೊಂಡಳು. "ಸುಳ್ಳ ಡಬ್ಬಿ ತೋರಿಸಿದ್ರ ಅದು ಸುಳ್ಳ ಕಲೀತೈತಿ. ಒಮ್ಮೆ ಕಲಿಸಿ ಅನುಭವಿಸಿದ್ದು ಸಾಕಾಗಿಲ್ಲೇನ ನಿನಗ?"

ಕಿಟಕಿಯ ಕಟ್ಟೆಯ ಮೇಲೆ ಎರಡು ಡಬ್ಬಿ ಕೂತವು. ಕಸಿಯ ಕಣ್ಣು ನೋಡಿತು. ಚೀಟಿ ಬಂತು. ಯಮನೂರಪ್ಪ, ಹಿರೇಕೊಪ್ಪದ ಬಸ್ಸು. ಕಮಲಾಕ್ಷಿ, ನಾಗರಾಳದ ಬಸ್ಸು. ಯಮನೂರಪ್ಪಣ್ಣನ ಮುಖ ಇಳಿಯಿತು. ನಾನು ಮೇಡಂ ಮುಖ ನೋಡಲಾರದೆ ಚೀಟಿಯನ್ನೇ ನೋಡುತ್ತಿದ್ದೆ. ಅದಕ್ಕೇ ಕೆಳಗಿನ ಸಾಲು ನನಗೆ ಮೊದಲು ಕಂಡದ್ದು.

"ಮೇಡಂ," ಎಂದೆ. "ಎರಡೂ ಬಸ್ಸಿಗೆ ಊಟದ ನಿಲುಗಡೆ ಒಂದ ಕಡೆ ಐತಿ. ಗಾಣದಕಟ್ಟಿ ಕ್ರಾಸ್. ಹೊತ್ತೂ ಒಂದ."

ಮೇಡಂ ಚೀಟಿ ಇಸಿದುಕೊಂಡರು. "ಆ ಎರಡು ಬಸ್ ಅಲ್ಲಿ ಕೂಡಂಗಿಲ್ಲಲ್ಲ. ಅಂದಾನಪ್ಪ?"

ಅಂದಾನಪ್ಪಣ್ಣ ಇಲ್ಲದ ಕೆಮ್ಮು ಕೆಮ್ಮಿದರು. "ಜಗಳದ ದಿನ ಕೂಡ್ತಾವ್ರಿ."

"ಯಾವಾಗಿಂದ?"

"ಮೊದಲಿಂದ್ರಿ. ಬ್ಯಾರೆ ಹಾಕೂದು ಪ್ಯಾಸೆಂಜರ್ ಸಲುವಾಗಿ. ಕೂಡ್ಸೂದು... ಮಧ್ಯಾಹ್ನದಾಗ ಒಮ್ಮೆ ಮುಖ ನೋಡಿದ್ರ ಸಂಜೀಕ ಇಳೀತೈತ್ರಿ ಸಿಟ್ಟು. ಒಂದ ಬಸ್ ಒಂದೀಟ ತಡಾ ಬಿಟ್ರ ಆತು, ಯಾರಿಗೂ ತ್ರಾಸಿಲ್ಲ. ನಾ ಯಾರಿಗೂ ಹೇಳಿರಲಿಲ್ಲ. ಇದಕ್ಕ ಹೆಂಗ ಗೊತ್ತಾತು?"

"ನೋಡ್ತು," ಎಂದೆ. ನಾನು ಅಷ್ಟು ದಿನ ಅದೇ ಕೋಣೆಯಲ್ಲಿ ಕೂತು ಕಾಣದೇ ಹೋದದ್ದನ್ನು ಅದು ಕಂಡಿತ್ತು.

ಮುಲ್ಲಾ ಮೇಡಂ ಚೀಟಿ ಮಡಚಿ ಕಮಲಕ್ಕನ ಕೈಗೆ ಕೊಟ್ಟರು. "ಒಕ್ಕೂಟದವ್ರಿಗೆ ಬ್ಯಾಡ ಅಂತ ಹೇಳಿಬಿಡ್ತೀನಿ," ಎಂದರು. "ನಡೀರಿ, ಬಸ್ ಹೊರಡ್ಲಿ."

ನಾನು ತಡೆಯಲಾರದೆ ನಾಗರಾಳದ ಬಸ್ಸು ಹತ್ತಿದೆ. ಮಧ್ಯಾಹ್ನ ಗಾಣದಕಟ್ಟಿ ಕ್ರಾಸಿನಲ್ಲಿ ನಮ್ಮ ಬಸ್ಸು ನಿಂತಾಗ ಎದುರಿನಿಂದ ಹಿರೇಕೊಪ್ಪದ ಬಸ್ಸು ಬಂದು ಮೂಗಿಗೆ ಮೂಗು ತಾಗಿಸಿ ನಿಂತಿತು. ಹುಣಸೆಮರದ ನೆರಳಿಗೆ ಯಮನೂರಪ್ಪಣ್ಣ ರೊಟ್ಟಿಯ ಡಬ್ಬಿ ಹಿಡಿದು ಬಂದ. ಕಮಲಕ್ಕ ಪಲ್ಯದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಆಗಲೇ ಕೂತಿದ್ದಳು. ಅವನು ಡಬ್ಬಿ ತೆರೆದು ನೋಡಿ ನಿಟ್ಟುಸಿರು ಬಿಟ್ಟ. ಆಶ್ಚರ್ಯಪಡಲಿಲ್ಲ. ಆಗ ನನಗೆ ತಿಳಿಯಿತು, ಈ ಡಬ್ಬಿಗಳೂ ಮೊದಲಿಂದ ಹೀಗೆಯೇ.

ಎರಡೂ ಬಸ್ಸಿನ ಕಿಟಕಿಗಳ ತುಂಬ ತಲೆಗಳು.

"ಪಲ್ಯ ಬೇಕಂದ್ರ ಬಾಯಿಬಿಟ್ಟ ಕೇಳ್ರಿ," ಎಂದಳು ಕಮಲಕ್ಕ.

"ಖಾನಾವಳಿ ಪಲ್ಯದಾಗ ಖಾರ ಹೆಚ್ಚು," ಎಂದ ಅವನು.

"ಅಷ್ಟನ?"

"ಎಣ್ಣೀನೂ ಹೆಚ್ಚು."

"ಮತ್ತ?"

ಬಸ್ಸಿನಿಂದ ಒಬ್ಬ ಅಜ್ಜಿ ಕೂಗಿದಳು: "ಲಗೂನ ಹೇಳೋ ಯಪ್ಪಾ, ನಮಗ ಸಂತಿಗೆ ಹೊತ್ತಾಗೇತಿ."

"ಮತ್ತ... ಅದನ್ನ ಬಡಸಾಕ ನೀ ಇರಂಗಿಲ್ಲ," ಎಂದ ಯಮನೂರಪ್ಪಣ್ಣ, ನೆಲ ನೋಡುತ್ತ.

ಕಮಲಕ್ಕ ಡಬ್ಬಿಯ ಮುಚ್ಚಳ ತೆಗೆದಳು. ಎರಡೂ ಬಸ್ಸಿನವರು ಚಪ್ಪಾಳೆ ತಟ್ಟಿದರು. ನನಗೂ ಒಂದು ರೊಟ್ಟಿ ಸಿಕ್ಕಿತು. ಪಲ್ಯ ನಿಜಕ್ಕೂ ಚೆನ್ನಾಗಿತ್ತು.

ನಾನು ಅಂದೇ ಕಸಿಯ ಹವ್ಯಾಸಿ ಗುಂಪಿಗೆ ಒಂದು ಸಲಹೆ ಬರೆದು ಹಾಕಿದೆ. ಕೋಣೆಯನ್ನು ನೋಡಲು ಬಿಡುವ ಮುನ್ನ ಕಸಿಗೆ ತಪ್ಪದೆ ಬೀಳ್ಕೊಡುಗೆ ಕೊಡಿ ಎಂದು. ಎಲ್ಲಿಂದಲೋ ಒಬ್ಬರು ಮಿರ್ಚಿ ಮಾಡುವ ವಿಧಾನ ಕೇಳಿದರು. ಅದನ್ನೂ ಪುಕ್ಕಟೆಯಾಗಿಯೇ ಕಳಿಸಿದೆ.

ಮರುದಿನ ನಸುಕಿನ ಬಸ್ಸುಗಳ ಡ್ಯೂಟಿ ಸಂಜೆಯೇ ಹಂಚುತ್ತಾರೆ. ಇಬ್ಬರೂ ಅದನ್ನು ಕೇಳಲು ಕಿಟಕಿಗೆ ಬಂದರು. ಕಮಲಕ್ಕ ಒಂದು ಡಬ್ಬಿಯ ಮೇಲೆ ಇನ್ನೊಂದು ಡಬ್ಬಿ ಪೇರಿಸಿ, ಎರಡನ್ನೂ ತನ್ನ ಕರವಸ್ತ್ರದಲ್ಲಿ ಒಂದೇ ಗಂಟು ಮಾಡಿ ಕಟ್ಟೆಯ ಮೇಲಿಟ್ಟಳು. ಅಂದಾನಪ್ಪಣ್ಣ ಕತ್ತು ಚಾಚಿ ನೋಡುವ ಮೊದಲೇ ಚೀಟಿ ಹೊರಗೆ ಬಂತು. ಒಂದೇ ಚೀಟಿ, ಎರಡು ಹೆಸರು, ಕಳಸಾಪುರದ ಬಸ್ಸು.

"ನನಗಿಂತ ಮೊದಲ ನೋಡ್ತಲ್ಲ ಇದು," ಎಂದು ಅಂದಾನಪ್ಪಣ್ಣ ಕಸಿಯ ಕಡೆ ತಿರುಗಿ ಮುನಿಸು ತೋರಿಸಿದರು. ಹಿಂದೆ ನಿಂತಿದ್ದವರು ನೂಕಾಡಿದರು. "ನನಗ ನಾಗರಾಳ ಬ್ಯಾಡ," ಎಂದು ಯಾರೋ ಶುರು ಮಾಡಿದರು.

ಅಷ್ಟರಲ್ಲಿ ಚಹಾ ಬಂತು. ಕಸಿಯ ಪರದೆ ತಾನಾಗಿ ಖಾಲಿಯಾಯಿತು. ಅಂದಾನಪ್ಪಣ್ಣ ಬಸಿಗೆ ಸುರುವಿದರು, ಊದಿದರು. ಬೆಳಕಿನ ವೇಗದ ಯಂತ್ರ ಮೊಳೆಯ ಮೇಲೆ ಸುಮ್ಮನೆ ಕಾಯುತ್ತ ಕೂತಿತು.

"ಇದನ್ನ ಸರಿಪಡಿಸಬಹುದೇನು?" ಎಂದು ಮುಲ್ಲಾ ಮೇಡಂ ಕೇಳಿದರು.

"ಒಂದ ನಿಮಿಷದ ಕೆಲಸ ಮೇಡಂ."

ಮೇಡಂ ಟ್ರೇಯಿಂದ ಒಂದು ಕಪ್ಪು ಎತ್ತಿಕೊಂಡು, ಇನ್ನೊಂದನ್ನು ನನ್ನ ಕಡೆ ಸರಿಸಿದರು. "ಬ್ಯಾಡ ಬಿಡು," ಎಂದರು.